ನಡೆದುಕೊಂಡೇ ಬರುತ್ತಿದ್ದ ವಕೀಲ

ಕಾಲುಚೀಲದಿಂದಲೇ ಶುರು ಮಾಡುತ್ತೇನೆ. ಕಪ್ಪು ಕಾಲುಚೀಲ, ಹೆಬ್ಬೆರಳ ಹತ್ತಿರ ಕಡಲೆಕಾಳಿನಷ್ಟು ತೂತು. ನನ್ನ ಯಜಮಾನರದ್ದು. ಅದರ ಜೋಡಿ ಯಾವತ್ತೋ ಕಳೆದುಹೋಗಿತ್ತು. ಒಗೆದು ಒಣಹಾಕಿದ ಬಟ್ಟೆಯಲ್ಲಿ ಒಂದೇ ಒಂದು ಕಾಲುಚೀಲ ಹೇಗೆ ಮಾಯವಾಗುತ್ತದೆ ಎಂದು ನಾನು ಐವತ್ತು ವರ್ಷ ಯೋಚಿಸಿದ್ದೇನೆ, ಇನ್ನೂ ಗೊತ್ತಾಗಿಲ್ಲ. ಅದಿರಲಿ. ಆ ಒಂಟಿ ಕಾಲುಚೀಲವನ್ನು ಒಂದು ಬೆಳಿಗ್ಗೆ ನನ್ನ ನಾದಿನಿ ಬಂದು ಕೇಳಿದಳು.

ನಾದಿನಿ ಎಂದರೆ ಯಜಮಾನರ ತಂಗಿ. ಅವಳ ಕೈಚೀಲದಲ್ಲಿ ಯಾವಾಗಲೂ ಅಂಗಿಯ ಗುಂಡಿಗಳು ಗಲಗಲ ಎನ್ನುತ್ತಿದ್ದವು, ಹಾಗಾಗಿ ಮಕ್ಕಳು ಗುಂಡಿ ಅತ್ತೆ ಎಂದು ಕರೆದರು. ಆಮೇಲೆ ದೊಡ್ಡವರಾದ ನಮ್ಮ ಬಾಯಲ್ಲೂ ಅವಳು ಗುಂಡಿಯೇ ಆದಳು. ಮದುವೆ ಆಗಲಿಲ್ಲ. ಯಾರನ್ನೇ ತೋರಿಸಿದರೂ "ಮೇಲಿಂದ ಚೆನ್ನಾಗಿದಾರೆ, ಒಳಮಗ್ಗುಲ ಹೊಲಿಗೆ ಸರಿಯಿಲ್ಲ" ಎನ್ನುತ್ತಿದ್ದಳು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಹರಿದ ಹಾಸು, ಹೊದಿಕೆಗಳನ್ನು ಹೊಲಿದವಳು ಅವಳು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಉಲ್ಟಾ ಮಾಡಿ ನೋಡುತ್ತಿದ್ದಳು. ಪೆಡಲು ತುಳಿದೂ ತುಳಿದೂ ಬಲಗಡೆಯ ಮಂಡಿ ಹಿಡಿದುಕೊಂಡಿತ್ತು. ನಡೆಯುವಾಗ ಎರಡು ಹೆಜ್ಜೆ ನೆಟ್ಟಗೆ, ಮೂರನೆಯದು ಸ್ವಲ್ಪ ಜಗ್ಗು.

ನಿವೃತ್ತಿಯಾಗಿ ಮನೆಯಲ್ಲೇ ಕೂತವಳು ಮೂರು ವಾರದಲ್ಲಿ ಮನೆಯ ಪರದೆ, ದಿಂಬು, ಛತ್ರಿ ಎಲ್ಲ ಹೊಲಿದು ಮುಗಿಸಿದಳು. ನಾನು ಒಲೆ ಒರೆಸುವ ಚಿಂದಿಗೂ ಅಂಚು ಹೊಲಿದಿಟ್ಟಾಗ ನನಗೆ ತಡೆಯಲಿಲ್ಲ.

"ಇನ್ನು ನನ್ನ ಬಾಯಿ ಒಂದು ಬಾಕಿ ಕಣೇ, ಅದನ್ನೂ ಹೊಲಿದುಬಿಡು," ಎಂದೆ.

"ಅಷ್ಟು ದಾರ ಇಲ್ಲ ಅತ್ತಿಗೆ," ಎಂದಳು.

ಅಪರೂಪಕ್ಕೆ ಮಾತಾಡುವವಳು, ಆಡಿದರೆ ಹೀಗೆ.

ಊರಾಚೆ ಪ್ರಾಣಿಗಳ ಆಶ್ರಯಧಾಮ ಒಂದಿತ್ತು. ಮುಂಚೆ ಅದು ಬೆಂಕಿಪೊಟ್ಟಣದ ಕಾರ್ಖಾನೆ. ಯಾರಿಗೂ ಬೇಡವಾದ ನಾಯಿಗಳು, ಕಣ್ಣಿಲ್ಲದ ಒಂದು ಕತ್ತೆ, ಕಾಲು ಮುರಿದ ಮೇಕೆಗಳು, ರೆಕ್ಕೆ ಮುರಿದ ಹಕ್ಕಿಗಳು ಎಲ್ಲ ಅಲ್ಲಿ. ಪ್ರಾಣಿಗಳಿಗೆ ಹೊದಿಸುವ ಕಂಬಳಿ ಹೊಲಿದುಕೊಡಲು ಯಾರಾದರೂ ಬೇಕು ಎಂದು ಕೇಳಿ ಗುಂಡಿ ಒಂದು ದಿನಕ್ಕೆಂದು ಹೋದಳು. ಒಂಬತ್ತು ವರ್ಷ ಹೋದಳು.

ಅವಳಿಗೆ ಕೊಟ್ಟ ಕೋಣೆ ನನಗೆ ಈಗಲೂ ಅರೆನಿದ್ದೆಯಲ್ಲಿ ಕಾಣುತ್ತದೆ. ಎತ್ತರದ ಒಂದೇ ಕಿಟಕಿ, ಅದರ ಕೆಳಗೆ ಹೊಲಿಗೆ ಮಶೀನು, ಗೋಡೆಯುದ್ದಕ್ಕೂ ಮಡಿಸಿಟ್ಟ ಬಿಳಿ ಹಾಸುಗಳ ಅಟ್ಟಿ. ಮಧ್ಯಾಹ್ನದ ಬಿಸಿಲು ಆ ಬಿಳಿಯ ಮೇಲೆ ಬಿದ್ದರೆ ಕೋಣೆಯೇ ಹಾಲಿನಲ್ಲಿ ಮುಳುಗಿದಂತೆ. ಅರಳೆಯ ಎಳೆಗಳು ಗಾಳಿಯಲ್ಲಿ ತೇಲುತ್ತಾ ಕೆಳಗೆ ಬೀಳುವುದನ್ನೇ ಮರೆಯುತ್ತಿದ್ದವು. ನಾನು ಊಟದ ಡಬ್ಬಿ ಕೊಡುವ ನೆಪದಲ್ಲಿ ಹೋಗಿ ಅಲ್ಲೇ ಕೂತು ತೂಕಡಿಸುತ್ತಿದ್ದೆ. ಅಷ್ಟು ಒಳ್ಳೆಯ ನಿದ್ದೆ ನನ್ನ ಸ್ವಂತ ಮಂಚದಲ್ಲೂ ಬಂದಿಲ್ಲ.

ಕಾಲುಚೀಲಕ್ಕೆ ಬರುತ್ತೇನೆ.

"ಅತ್ತಿಗೆ, ಅಣ್ಣಂದು ಒಂಟಿ ಕಾಲುಚೀಲ ಇತ್ತಲ್ಲ, ಕೊಡ್ತೀರಾ?"

"ಯಾಕೆ, ಒಂಟಿಕಾಲಿನವರು ಯಾರಾದ್ರೂ ಸಿಕ್ಕಿದ್ರಾ?"

"ಒಬ್ರು ವಕೀಲರಿಗೆ ಕೋಟು ಹೊಲೀಬೇಕು."

ನಾನು ಅವಳ ಮುಖ ನೋಡಿದೆ. ಐವತ್ತು ದಾಟಿದ ಮೇಲೆ ಯಾವನೋ ವಕೀಲನ ಹೊಲಿಗೆ ಕಡೆಗೂ ಸರಿಹೋಯಿತೇನೋ ಎಂದು ಒಂದು ಗಳಿಗೆ ಎದೆ ಹಾರಿದ್ದು ಸುಳ್ಳಲ್ಲ. ಹೋಗಿ ನೋಡಿದರೆ ವಕೀಲ ಒಂದು ಹಕ್ಕಿ. ಮ್ಯಾಗ್‌ಪೈ ಎನ್ನುತ್ತಾರೆ, ಕಾಗೆಗೆ ದಾಯಾದಿ. ಕಪ್ಪು ಮೈ, ಬಿಳಿ ಎದೆ, ಮೈಗಿಂತ ಉದ್ದದ ಬಾಲ. ಕಪ್ಪು ಎಂದೆನಲ್ಲ, ಬಿಸಿಲಿಗೆ ತಿರುಗಿದರೆ ಅದೇ ಕಪ್ಪಿನೊಳಗಿಂದ ನೀಲಿ ಹೊರಗೆ ಬರುತ್ತಿತ್ತು, ಬಾಲದಲ್ಲಿ ಹಸಿರು. ನಿಂತ ಗತ್ತು, ಕತ್ತು ಓರೆ ಮಾಡಿ ನಿಮ್ಮ ಮಾತಿನಲ್ಲಿ ತಪ್ಪು ಹುಡುಕುವ ನೋಟ, ಎಲ್ಲ ಸೇರಿ ಕೋರ್ಟಿನಿಂದ ನೇರ ಎದ್ದುಬಂದ ಹಾಗಿತ್ತು. ಧಾಮದಲ್ಲಿ ಎಲ್ಲರೂ ವಕೀಲರು ಎಂದು ಬಹುವಚನದಲ್ಲೇ ಕರೆಯುತ್ತಿದ್ದರು.

ಯಾವುದೋ ಗಾಜಿನ ಕಟ್ಟಡಕ್ಕೆ ಬಡಿದು ಎಡಗಡೆಯ ರೆಕ್ಕೆ ಮುರಿದಿತ್ತು. ಧಾಮದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೂರು ಸಲ ಪಟ್ಟಿ ಕಟ್ಟಿದರು. ವಕೀಲರು ಮೂರು ಸಲವೂ ಬಿಚ್ಚಿ, ಪಟ್ಟಿಯನ್ನು ಅಚ್ಚುಕಟ್ಟಾಗಿ ನೀರಿನ ಬೋಗುಣಿಯಲ್ಲಿ ಅದ್ದಿಟ್ಟರು. ಆಗ ಗುಂಡಿ ಕಾಲುಚೀಲದ ಕೋಟು ಹೊಲಿದಳು. ಒಳಗೆ ಮೆತ್ತಗಿನ ಅಸ್ತರು, ಒಂದು ರೆಕ್ಕೆ ಮುಚ್ಚಿ, ಇನ್ನೊಂದಕ್ಕೆ ಕಂಡಿ, ಹೊಲಿಗೆಯೆಲ್ಲ ಕೊಕ್ಕಿಗೆ ಎಟುಕದ ಕಡೆ. ವಕೀಲರು ಎರಡು ದಿನ ಎಳೆದಾಡಿದರು. ಮೂರನೆಯ ದಿನ ನೀರಿನಲ್ಲಿ ತಮ್ಮ ನೆರಳು ನೋಡಿಕೊಂಡರು, ಆಚೆ ತಿರುಗಿ ನೋಡಿಕೊಂಡರು, ಒಪ್ಪಿಕೊಂಡರು.

ಆರು ವಾರ ಆ ಕೋಟು. ನೆಗೆದರೆ ಮೂಳೆ ಮತ್ತೆ ಸರಿಯುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಗುಂಡಿ ಅದಕ್ಕೆ ನಡೆಯುವುದನ್ನು ಅಭ್ಯಾಸ ಮಾಡಿಸಿದಳು. ಏಪ್ರನ್ನಿನ ಜೇಬಿನಲ್ಲಿ ಒಣ ರೊಟ್ಟಿಯ ಚೂರು ಇಟ್ಟುಕೊಂಡು, ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಿ, ಬಗ್ಗಿ, ನೆಲದ ಹತ್ತಿರ ಕೈ ಹಿಡಿಯುವುದು. ಅದು ಹಿಂದಿನಿಂದ ನಡೆದು ಬಂದು ತೆಗೆದುಕೊಳ್ಳುವುದು. ನೆಗೆದರೆ ಕೈ ಮುಚ್ಚಿಬಿಡುತ್ತಿದ್ದಳು. ನಾಲ್ಕು ದಿನದಲ್ಲಿ ಕಲಿಯಿತು. ಇದು ಬೇಕಾದರೆ ನಂಬಿ, ಬೇಡವಾದರೆ ಬಿಡಿ, ಎರಡು ಹೆಜ್ಜೆ ನೆಟ್ಟಗೆ, ಮೂರನೆಯದು ಸ್ವಲ್ಪ ಜಗ್ಗು. ಅವಳ ಹಿಂದೆ ಅವಳ ನಡಿಗೆಯನ್ನೇ ನಡೆಯುತ್ತಿತ್ತು. ಕಾಲಿಗೂ ಪೆಟ್ಟಾಗಿದೆಯೇನೋ ಎಂದು ಡಾಕ್ಟರು ಎರಡು ಸಲ ಕಾಲು ಒತ್ತಿ ನೋಡಿದರು.

ಆ ಹಕ್ಕಿಯ ಗುಣ ಹೇಳಲು ಕೂತರೆ ಹೊತ್ತು ಸಾಲದು. ಹೊಳೆಯುವುದನ್ನು ಕದಿಯುತ್ತದೆ ಎನ್ನುತ್ತಾರಲ್ಲ, ಇದಕ್ಕೆ ಗುಂಡಿ ಪಳಪಳ ಹೊಳೆಯುವ ಹಿತ್ತಾಳೆ ಗುಂಡಿ ತೋರಿಸಿದರೆ ಹೆದರಿ ಮಶೀನಿನ ಹಿಂದೆ ಓಡಿತು. ಅದರ ಆಸೆಯೆಲ್ಲ ತಿನ್ನುವುದರ ಮೇಲೆ. ರೊಟ್ಟಿಚೂರನ್ನು ಮಶೀನಿನ ಡ್ರಾಯರಿನಲ್ಲಿ ಬಚ್ಚಿಟ್ಟು, ಮೇಲೆ ಒಂದು ಚಿಂದಿ ಹೊದಿಸಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡುತ್ತಿತ್ತು. ನಾನು ನೋಡಿದ್ದು ಗೊತ್ತಾದರೆ ತೆಗೆದು ಬೇರೆ ಕಡೆ ಇಡುತ್ತಿತ್ತು. ಮಲಗಿದ ನಾಯಿಯ ಬಾಲ ಎಳೆದು, ಅದು ತಿರುಗುವಷ್ಟರಲ್ಲಿ ಕಿಟಕಿಯಾಚೆಗಿನ ಮೋಡವನ್ನು ನೋಡುತ್ತಾ ನಿಂತಿರುತ್ತಿತ್ತು. ಮಶೀನಿನ ಸದ್ದು ಕಲಿತಿತ್ತು. ಕಟಕಟಕಟ, ಕೊನೆಗೆ ದಾರ ಕತ್ತರಿಸುವ ಚಿಕ್ ಕೂಡ. ಧಾಮದ ಮೇಲ್ವಿಚಾರಕರು ಪ್ರತಿ ಮಾತಿಗೂ ಮುಂಚೆ ಎರಡು ಸಲ ಕೆಮ್ಮುವವರು, ಆ ಕೆಮ್ಮನ್ನೂ ಕಲಿತಿತ್ತು. ಕೆಲಸದವರು ಹರಟೆ ಹೊಡೆಯುವಾಗ ಬಾಗಿಲ ಹಿಂದಿನಿಂದ ಕೆಮ್ಮಿಬಿಡುತ್ತಿತ್ತು, ಎಲ್ಲರೂ ಪೊರಕೆ ಹಿಡಿದು ಎದ್ದು ನಿಲ್ಲುತ್ತಿದ್ದರು.

ಗುಂಡಿ ನಗುವುದನ್ನು ನಾನು ಆ ದಿನಗಳಲ್ಲಿ ನೋಡಿದೆ. ಬಾಯಿ ಮುಚ್ಚಿಕೊಂಡು ಅಲ್ಲ, ಹಲ್ಲು ಕಾಣುವ ಹಾಗೆ. ಮನೆಗೆ ಬಂದರೂ ವಕೀಲರದ್ದೇ ಮಾತು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಯಜಮಾನರು ತಟ್ಟೆಯಿಂದ ತಲೆಯೆತ್ತಿ, "ಇವಳಿಗೆ ಯಾರು ಕೀಲಿ ಕೊಟ್ಟರು?" ಎಂದರು.

ಧಾಮದ್ದೊಂದು ಕಟ್ಟುನಿಟ್ಟು ಇತ್ತು. ಹಾರಬಲ್ಲ ಹಕ್ಕಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ದಾಖಲೆ ಪುಸ್ತಕದಲ್ಲಿ ಎರಡೇ ಪಟ್ಟಿ, ಹೋಗುವವರು, ಇರುವವರು. ಯಾರು ಯಾವ ಪಟ್ಟಿಗೆ ಎಂಬುದನ್ನು ಪರೀಕ್ಷೆ ಮಾಡಿಯೇ ಬರೆಯಬೇಕು. ಕಾರ್ಖಾನೆಯ ಹಳೆಯ ಹಜಾರದ ಒಂದು ತುದಿಯಲ್ಲಿ ಹಕ್ಕಿಯನ್ನು ಬಿಡುವುದು, ಇನ್ನೊಂದು ತುದಿಯಲ್ಲಿ ಆಳೆತ್ತರದಲ್ಲಿ ಒಂದು ಅಡ್ಡ ಕೋಲು. ಹಾರಿ ಹೋಗಿ ಕೋಲಿನ ಮೇಲೆ ಕೂತರೆ ಹೋಗುವವರು. ಮೂರು ಪರೀಕ್ಷೆಯಲ್ಲೂ ಕೂರದಿದ್ದರೆ ಇರುವವರು. ಹಕ್ಕಿಗೆ ಧೈರ್ಯ ಬರಲಿ ಎಂದು, ಸಾಕಿದವರು ಕೋಲಿನ ಕೆಳಗೆ ನಿಲ್ಲಬೇಕು.

ಕೋಟು ಬಿಚ್ಚಿದ ಮೇಲೆ ಮೊದಲ ಪರೀಕ್ಷೆ. ಗುಂಡಿ ಕೋಲಿನ ಕೆಳಗೆ ನಿಂತಳು. ವಕೀಲರು ಪೆಟ್ಟಿಗೆಯಿಂದ ಇಳಿದರು, ಹಜಾರದ ನಡುಮಧ್ಯೆ, ಎರಡು ಹೆಜ್ಜೆ ನೆಟ್ಟಗೆ, ಮೂರನೆಯದು ಜಗ್ಗು, ಅಷ್ಟುದ್ದ ನಡೆದುಕೊಂಡೇ ಬಂದರು. ಬಂದು ಅವಳ ಜೇಬಿನ ಕೆಳಗೆ ಬಾಯಿ ತೆರೆದು ನಿಂತರು. ಮೇಲ್ವಿಚಾರಕರು ಕೆಮ್ಮಿ "ಹಾರಲಿಲ್ಲ" ಎಂದು ಬರೆದುಕೊಂಡರು. ತಿಂಗಳು ಬಿಟ್ಟು ಎರಡನೆಯ ಪರೀಕ್ಷೆ, ಅದೇ ಮೆರವಣಿಗೆ.

"ಇನ್ನೊಂದು ಸಲ ನೋಡೋಣ," ಎಂದರು ಡಾಕ್ಟರು. "ಆಗ್ಲೂ ಆಗದಿದ್ರೆ ಇಲ್ಲೇ ಇರಲಿ. ನಿಮ್ಮ ಕೋಣೇಲೇ ಇಟ್ಕೊಳ್ಳಿ ಅತ್ತೆ, ಕಿಟಕಿಗೆ ಬಲೆ ಹಾಕಿಸಿದ್ರಾಯ್ತು."

ಗುಂಡಿ ತಲೆಯಾಡಿಸಿದಳು. ಆ ರಾತ್ರಿ ಮನೆಯಲ್ಲಿ ಎರಡು ಸಲ ಊಟ ಬಡಿಸಿಕೊಂಡಳು.

ಅದಾಗಿ ಎರಡು ವಾರಕ್ಕೆ ನಾನು ಡಬ್ಬಿ ತೆಗೆದುಕೊಂಡು ಹೋದೆ. ಕಿಟಕಿಯ ಗಾಜು ಮುಚ್ಚಿತ್ತು, ಬಾಗಿಲು ಅರ್ಧ ತೆರೆದಿತ್ತು. ಬಿಳಿ ಹಾಸುಗಳ ಅಟ್ಟಿಯ ತುತ್ತತುದಿಯಲ್ಲಿ, ಸೂರಿನ ಹತ್ತಿರ, ವಕೀಲರು ಕೂತಿದ್ದರು. ಅಲ್ಲಿಗೆ ಏಣಿಯಿಲ್ಲದೆ ನಾವು ಯಾರೂ ಹತ್ತಲಾರೆವು. ನಾನು ನೋಡುತ್ತಿದ್ದ ಹಾಗೇ ರೆಕ್ಕೆ ಬಿಚ್ಚಿದರು. ಕೋಣೆಯ ಹಾಲಿನಂಥ ಬೆಳಕಿನಲ್ಲಿ ಆ ಕಪ್ಪು ಬಿಳುಪು ಬೀಸಣಿಗೆಯಂತೆ ಅರಳಿತು. ಸದ್ದಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ತೇಲುತ್ತಿದ್ದ ಅರಳೆಯ ಎಳೆಗಳೆಲ್ಲ ಅದರ ಹಿಂದೆ ತಿರುಗಿದವು. ನನಗೆ ನಿಂತಲ್ಲೇ ಕನಸು ಬಿತ್ತೇನೋ ಅನ್ನಿಸಿತು. ಆಮೇಲೆ ಅದು ಮಶೀನಿನ ಮೇಲೆ ಇಳಿಯಿತು, ಗುಂಡಿ ತಲೆಯೆತ್ತಿದಳು, ಬಾಗಿಲಲ್ಲಿ ನನ್ನನ್ನು ಕಂಡಳು.

"ಯಾವಾಗಿಂದ?" ಎಂದೆ.

"ಎರಡನೇ ಪರೀಕ್ಷೆಗೆ ಒಂದು ವಾರ ಮುಂಚಿಂದ."

"ಮತ್ತೆ ಅಲ್ಲಿ ನಡ್ಕೊಂಡು ಬಂತಲ್ಲೇ!"

"ನನ್ನ ಕೈಯಿಂದ ತಗೋಬೇಕಾದ್ರೆ ನಡೀಬೇಕು ಅಂದ್ಕೊಂಡಿದೆ ಅತ್ತಿಗೆ. ನಾನೇ ಕಲಿಸಿದ್ದಲ್ವಾ?" ಕತ್ತರಿಯನ್ನು ತೆಗೆದು ಅಲ್ಲೇ ಇಟ್ಟಳು. "ನಾನೇನೂ ಸುಳ್ಳು ಹೇಳಿಲ್ಲ. ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಭಾರಿ ವಕೀಲಳಾದೆ ನೀನೂ."

"ಹೇಳಬೇಡಿ ಅತ್ತಿಗೆ," ಎಂದಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಏನೂ ಬೇಡಿದವಳಲ್ಲ, ಒಂದು ಕಾಲುಚೀಲ ಬಿಟ್ಟರೆ.

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ಮನೆಗೆ ಬಂದು ಬೇಳೆ ಸೀದುಹೋಗುವ ತನಕ ಒಲೆಯ ಮುಂದೆ ನಿಂತಿದ್ದೆ. ಒಂದು ಕಡೆ ಆ ಹಕ್ಕಿಯ ಆಯುಸ್ಸು, ಬಲೆಯ ಹಿಂದೆ. ಇನ್ನೊಂದು ಕಡೆ ಇವಳು, ಹಲ್ಲು ಕಾಣುವ ಹಾಗೆ ನಗಲು ಈಗ ಕಲಿತಿದ್ದವಳು. ನಾನು ಯಾವ ಬಾಯಿಂದ ಯಾವ ತೀರ್ಪು ಕೊಡಲಿ?

ಮೂರನೆಯ ಪರೀಕ್ಷೆ ಹತ್ತಿರ ಬಂತು. ಹೇಗೂ ಹಾರುವುದಿಲ್ಲ ಎಂದು ಮೇಲ್ವಿಚಾರಕರು ಮುಂಚಿತವಾಗಿಯೇ ಬಲೆಯ ಸುರುಳಿ ತರಿಸಿದರು. ಅದನ್ನು ಕಿಟಕಿಯ ಅಳತೆಗೆ ಕತ್ತರಿಸಿ, ಅಂಚಿಗೆ ಗಟ್ಟಿ ಪಟ್ಟಿ ಹೊಲಿಯಬೇಕಲ್ಲ, ಹೊಲಿಯುವವರು ಯಾರು? ಗುಂಡಿಯೇ. ಹೊಲಿದಳು ನೋಡಿ, ಅಂಥ ಹೊಲಿಗೆ ಅವಳ ಕೈಯಲ್ಲೂ ನಾನು ಮತ್ತೆ ನೋಡಿಲ್ಲ. ನಾಲ್ಕು ಮೂಲೆಗೂ ನಾಲ್ಕು ಕೊಂಡಿ, ಅಂಚು ರೂಲರಿನಷ್ಟು ನೇರ. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಸರಿಯಾಗಿ ಕೂರುತ್ತದೋ ಎಂದು ಕಿಟಕಿಗೆ ಸಿಕ್ಕಿಸಿ ನೋಡಿದಳು. ನಾನು ಎಂದಿನಂತೆ ತೂಕಡಿಸುತ್ತಾ ಕೂತಿದ್ದೆ. ಕಣ್ಣು ಬಿಟ್ಟಾಗ ಮಶೀನು ನಿಂತಿತ್ತು. ಬೆಳಕು ಚೌಕ ಚೌಕವಾಗಿ ಕತ್ತರಿಸಿ ಹಾಸುಗಳ ಮೇಲೆ ಬಿದ್ದಿತ್ತು, ಗುಂಡಿಯ ಸೀರೆಯ ಮೇಲೂ, ನನ್ನ ಕೈಯ ಮೇಲೂ. ವಕೀಲರು ಕಿಟಕಿಯ ಅಡ್ಡಪಟ್ಟಿಯ ಮೇಲೆ ನಿಂತು ಬಲೆಯ ಒಂದೊಂದು ಕಣ್ಣಿಗೂ ಕೊಕ್ಕು ತೂರಿಸಿ ನೋಡುತ್ತಿದ್ದರು. ಎಡದಿಂದ ಬಲಕ್ಕೆ ಒಂದು ಸಾಲು. ಮುಗಿದ ಮೇಲೆ ಕೆಳಗಿನ ಸಾಲು. ಗಲಾಟೆಯಿಲ್ಲ, ಸಿಟ್ಟಿಲ್ಲ. ಸರಕಾರಿ ಕಾಗದ ಓದುವವರ ಹಾಗೆ ತಾಳ್ಮೆಯಿಂದ, ಎಲ್ಲಿಯಾದರೂ ಒಂದು ಕಣ್ಣು ಬಿಟ್ಟುಹೋಗಿರಬಹುದು ಎಂದು.

"ಎಲ್ಲೂ ಬಿಟ್ಟಿಲ್ಲ," ಎಂದಳು ಗುಂಡಿ, ನನಗಲ್ಲ, ಅದಕ್ಕೆ. "ನಾನು ಹೊಲಿದದ್ದು ಕಣೋ. ಎಲ್ಲೂ ಬಿಟ್ಟಿರಲ್ಲ."

ಸಂಜೆ ಮನೆಗೆ ನಡೆದು ಬಂದೆವು. ಗೇಟಿನ ಹತ್ತಿರ ನಿಂತು, "ಅತ್ತಿಗೆ, ನಾಳೆ ಬೆಳಿಗ್ಗೆ ನನ್ನ ಜೊತೆ ಬರ್ತೀರಾ? ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕು," ಎಂದಳು.

"ನಿನ್ನ ಮಂಡಿಗೆ ಏಣಿ ಬೇರೆ ಕೇಡು."

"ಮೂರೇ ಮೆಟ್ಟಿಲು."

ಬೆಳಿಗ್ಗೆ ಹಜಾರದಲ್ಲಿ ಡಾಕ್ಟರು, ದಾಖಲೆ ಪುಸ್ತಕ ಹಿಡಿದ ಮೇಲ್ವಿಚಾರಕರು, ನಾವಿಬ್ಬರು. ಗುಂಡಿ ಕೋಲಿನ ಪಕ್ಕಕ್ಕೆ ಏಣಿ ಎಳೆದುಕೊಂಡು ಹತ್ತಿದಳು. ನಾನು ಎರಡೂ ಕೈಯಲ್ಲಿ ಏಣಿ ಹಿಡಿದೆ.

"ಧೂಳು ಹೊಡೀತೀರಾ ಅತ್ತೆ?" ಎಂದು ಡಾಕ್ಟರು ನಕ್ಕರು.

ಪೆಟ್ಟಿಗೆ ತೆರೆಯಿತು. ವಕೀಲರು ಇಳಿದರು, ನಡೆದರು. ಎರಡು ನೆಟ್ಟಗೆ, ಒಂದು ಜಗ್ಗು. ಹಜಾರದ ಮುಕ್ಕಾಲು ಭಾಗ ಬಂದು ನಿಂತರು. ಎಂದಿನ ಜಾಗದಲ್ಲಿ ಜೇಬೂ ಇಲ್ಲ, ಕೈಯೂ ಇಲ್ಲ, ನನ್ನ ಎರಡು ಚಪ್ಪಲಿ ಮಾತ್ರ. ಚಪ್ಪಲಿಯನ್ನು ನೋಡಿದರು. ಕತ್ತು ಓರೆ ಮಾಡಿ ನನ್ನನ್ನು ನೋಡಿದರು. ಬೇಸರವಾಗಿ ಕೂತು ರೆಕ್ಕೆ ತಿದ್ದಿಕೊಂಡರು, ಒಮ್ಮೆ ಕಟಕಟಕಟ ಎಂದರು. ಹೊತ್ತು ಹೋಯಿತು.

ಮೇಲ್ವಿಚಾರಕರು ಕೆಮ್ಮಿದರು. ವಕೀಲರೂ ಕೆಮ್ಮಿದರು.

"ಸಾಕು ಬಿಡಿ, ಬರ್ಕೊಳ್ಳಿ," ಎಂದರು ಡಾಕ್ಟರು. "ಇರುವವರು."

ಅಷ್ಟೇ ಸಾಕಿತ್ತು. ಗುಂಡಿ ಬಾಯಿ ಬಿಡದೆ ಮೂರು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು, ಪೆನ್ನು ಆಗಲೇ ಪುಸ್ತಕದ ಮೇಲಿತ್ತು. ನಾನು ಮೇಲೆ ನೋಡಿದೆ. ಅವಳ ಗಲ್ಲ ಮಾತ್ರ ಕಾಣುತ್ತಿತ್ತು.

"ಸ್ವಲ್ಪ ಇರಿ ಡಾಕ್ಟ್ರೇ. ಅದು ಹಾರತ್ತೆ."

ಜೇಬಿನಿಂದ ರೊಟ್ಟಿಯ ಚೂರು ತೆಗೆದು ಕೈಯನ್ನು ಮೇಲಕ್ಕೆ, ತಲೆಗಿಂತ ಮೇಲಕ್ಕೆ ಎತ್ತಿದಳು. ನೆಲಕ್ಕೆ ಬಗ್ಗುವುದನ್ನೇ ಅಲ್ಲಿಯ ತನಕ ಕಂಡಿದ್ದ ಹಕ್ಕಿ ಆ ಕೈಯನ್ನು ಬಹಳ ಹೊತ್ತು ನೋಡಿತು. ಅವಳು ಕೈ ಇಳಿಸಲಿಲ್ಲ. ಇನ್ನೊಂದು ಕೈಯಿಂದ ಆ ಮೊಣಕೈಗೆ ಆಸರೆ ಕೊಟ್ಟಳು. ಆಮೇಲೆ ಒಂದು ಗಾಳಿ ನನ್ನ ಮುಖಕ್ಕೆ ಬಡಿಯಿತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ವಕೀಲರು ಕೋಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು.

ಡಾಕ್ಟರು ಹತ್ತಿರ ಬಂದರು. "ಇದು ಯಾವಾಗಿಂದ ಹಾರ್ತಿದೆ ಅತ್ತೆ?"

"ಐದು ವಾರ ಆಯ್ತು. ನನಗೆ ಗೊತ್ತಿತ್ತು."

ಮೇಲ್ವಿಚಾರಕರು ಬಯ್ಯಲು ಶುರು ಮಾಡಿದರು, ಬಲೆ ತರಿಸಿದ್ದೇನು, ಪುಸ್ತಕ ಹೊಡೆದು ತಿದ್ದಬೇಕಾದ್ದೇನು ಎಂದು. ಡಾಕ್ಟರು ಬಯ್ಯಲಿಲ್ಲ. ಏಣಿಯ ಇನ್ನೊಂದು ಕಡೆ ಹಿಡಿದುಕೊಂಡು, "ಇಳೀರಿ, ನಿಧಾನ," ಎಂದಷ್ಟೇ ಹೇಳಿದರು.

ಅವತ್ತೇ ಬಿಟ್ಟರು. ಗುಂಡಿಯ ಕೋಣೆಯ ಕಿಟಕಿಯಿಂದಲೇ ಬಿಡಬೇಕೆಂದು ಅವಳು ಕೇಳಿಕೊಂಡಳು. ತಾನೇ ಹೊಲಿದ ನಾಲ್ಕು ಕೊಂಡಿಗಳನ್ನು ತಾನೇ ಬಿಡಿಸಿ, ಬಲೆ ಮಡಿಸಿಟ್ಟಳು. ವಕೀಲರು ಡ್ರಾಯರಿಗೆ ಹೋಗಿ ಬಚ್ಚಿಟ್ಟದ್ದೆಲ್ಲ ಇದೆಯೇ ಎಂದು ನೋಡಿ, ಚಿಂದಿ ಸರಿಪಡಿಸಿ, ಅಡ್ಡಪಟ್ಟಿಗೆ ಹತ್ತಿದರು. ಅಲ್ಲಿಂದ ಆಚೆಯ ಚಾವಣಿಗೆ ಇಳಿದು, ಅದರ ಅಂಚಿನ ಮೇಲೆ, ಎರಡು ನೆಟ್ಟಗೆ, ಒಂದು ಜಗ್ಗು, ನಡೆದುಕೊಂಡೇ ಹೊರಟರು. "ಲೋ, ಹಾರೋ!" ಎಂದು ಅಂಗಳದಲ್ಲಿದ್ದವರೆಲ್ಲ ಕೂಗಿ ನಕ್ಕರು. ಚಾವಣಿ ಮುಗಿಯಿತು. ಅಲ್ಲಿಂದ ಮುಂದೆ ನಡೆಯಲು ಏನೂ ಇರಲಿಲ್ಲ.

ಗುಂಡಿ ಮನೆಗೆ ಬಂದು ಮಾತು ಕಡಿಮೆ ಮಾಡಿದಳು. ಯಜಮಾನರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿ ಸುಮ್ಮನಿರಿ ಎಂದೆ. ಬಲೆ ಮೊಲಗಳ ಗೂಡಿಗೆ ಬಾಗಿಲಾಯಿತು. ಡ್ರಾಯರನ್ನು ಮಾತ್ರ ಅವಳು ಖಾಲಿ ಮಾಡಲಿಲ್ಲ. ಇರುವೆ ಬರುತ್ತದೆ ಕಣೇ ಎಂದರೂ ಕೇಳಲಿಲ್ಲ.

ಎಷ್ಟು ದಿನವಾಗಿತ್ತೋ, ತಿಂಗಳಿರಬೇಕು. ನಾನು ಬಿಳಿ ಹಾಸುಗಳಿಗೆ ಒರಗಿ ತೂಕಡಿಸುತ್ತಿದ್ದೆ. ಮಶೀನು ಓಡುತ್ತಿತ್ತು, ಕಟಕಟಕಟ, ಆ ಸದ್ದಿನಲ್ಲೇ ನನಗೆ ನಿದ್ದೆ ಹತ್ತುವುದು. ದಾರ ಕತ್ತರಿಸಿದ ಚಿಕ್ ಕೇಳಿತು. ಮತ್ತೆ ಕಟಕಟಕಟ. ಬಿಸಿಲು ಕಣ್ಣಿಗೆ ಚುಚ್ಚಿತೆಂದು ಅರ್ಧ ಕಣ್ಣು ತೆರೆದೆ. ಕಿಟಕಿ ತೆರೆದಿತ್ತು, ಆಚೆ ಮರದ ಎಲೆಗಳೊಳಗೆ ಏನೋ ಕಪ್ಪು, ಏನೋ ಬಿಳಿ, ಏನೋ ನೀಲಿ. ಗುಂಡಿ ಕಂಬಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದಳು. ನಾನು ಎಚ್ಚರವಾದದ್ದು ಕಂಡು, ಮಾತಾಡಬೇಡಿ ಎಂದು ಬೆರಳು ತುಟಿಗಿಟ್ಟಳು. ಆಮೇಲೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ, ನನಗೆ ಕಾಣುವ ಹಾಗೆ, ಎರಡೂ ಪಾದಗಳನ್ನು ಪೆಡಲಿನಿಂದ ತೆಗೆದು ನೆಲದ ಮೇಲೆ ಇಟ್ಟಳು. ಕಟಕಟಕಟ ಎನ್ನುವುದು ನಿಲ್ಲಲಿಲ್ಲ.